ಬಾಕು ಕೋಟೆಯಲ್ಲಿ ನಾನು ಹರಿದ ದ್ರಾಕ್ಷಿ ಎಲೆ

ನಾಲಗೆಗೆ ಚಪಲವಿರುವಂತೆ ಬೆರಳಿಗೂ ಒಂದು ಚಪಲವಿದೆ ಎಂಬುದನ್ನು ಯಾವ ಮುನಿಮಹಾರಾಜರೂ ಪ್ರವಚನದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಪ್ರವಚನಗಳಿಂದ ದೊಡ್ಡ ದೊಡ್ಡ ಶಬ್ದಗಳ ಚಟವಷ್ಟೇ ಹತ್ತಿತು. ವೈರಾಗ್ಯ ಮಾತ್ರ ಬಸದಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಕಳಚಿ ಬೀಳುತ್ತಿತ್ತು. ಆದ್ದರಿಂದ ಸ್ವಾನುಭವದಿಂದಲೇ ಹೇಳುತ್ತೇನೆ: ಇಡೀ ಆಯುಷ್ಯ ದ್ರಾಕ್ಷಿ ತೋಟದಲ್ಲಿ ಕಳೆದ ಹೆಂಗಸಿನ ಬೆರಳುಗಳು ಬಳ್ಳಿ ಕಂಡರೆ ಸುಮ್ಮನಿರುವುದಿಲ್ಲ. ಆ ಬಳ್ಳಿ ಪರರದ್ದಿರಲಿ, ಪರದೇಶದ್ದಿರಲಿ.

ಪರದೇಶಕ್ಕೆ ನಾನು ಹೋದದ್ದೇ ನನ್ನ ಮೊಮ್ಮಗಳು ಸುಜಾತಾಳ ಪುಣ್ಯದಿಂದ. ಕಾಗವಾಡದಲ್ಲಿ ಅವಳದು ಗೊಬ್ಬರ ಮತ್ತು ಔಷಧದ ಅಂಗಡಿ. ಔಷಧವೆಂದರೆ ಬೆಳೆಗಳದು, ಮನುಷ್ಯರಿಗೆ ಅವಳು ಕೊಡುವುದು ಬುದ್ಧಿವಾದ ಮಾತ್ರ, ಅದೂ ಪುಕ್ಕಟೆ. ದ್ರಾಕ್ಷಿ ಔಷಧದ ಕಂಪನಿಯವರು ಹೆಚ್ಚು ಮಾರಿದ ಅಂಗಡಿಕಾರರನ್ನು ಬಾಕು ಎಂಬ ಪಟ್ಟಣಕ್ಕೆ ಕರೆದೊಯ್ಯುತ್ತೇವೆ, ಜೊತೆಗೆ ಒಬ್ಬರನ್ನು ಕರೆತರಬಹುದು ಎಂದರು. ಎಲ್ಲರೂ ಗಂಡನನ್ನೋ ಹೆಂಡತಿಯನ್ನೋ ಬರೆಸಿದರೆ ಇವಳು ನನ್ನ ಹೆಸರು ಬರೆಸಿದಳು. ನನ್ನ ಆನಂದವನ್ನು ವರ್ಣಿಸುವುದಿಲ್ಲ. ನಮ್ಮೂರಿನಲ್ಲಿ ಅದನ್ನು ಕೇಳದೆ ತಪ್ಪಿಸಿಕೊಂಡವರು ಯಾರೂ ಇಲ್ಲ.

ಆದರೆ ಆ ಪ್ರವಾಸದಲ್ಲಿ ಅವಳಿಗೊಂದು ಗುರಿಯಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳ ಸಗಟು ವಿತರಣೆಯನ್ನು ಯಾರಿಗೆ ಕೊಡಬೇಕೆಂದು ಕಂಪನಿಯ ಸಾಹೇಬರು ಅಲ್ಲಿಯೇ ತೀರ್ಮಾನಿಸುವವರಿದ್ದರು. ಹುಬ್ಬಳ್ಳಿಯವರಾದ ಅವರು ನನ್ನನ್ನು ವಿಮಾನ ನಿಲ್ದಾಣದಲ್ಲಿ ಕಂಡಾಗಲೇ, ತೂಕ ಮೀರಿದ ಗಂಟನ್ನು ನೋಡುವಂತೆ ನೋಡಿದ್ದರು.

"ಆಯಿ, ಕೈ ಕಟಗೊಂಡ ಅಡ್ಡಾಡಬೇಕ ನೋಡ. ಯಾವದಕ್ಕೂ ಮುಟ್ಟಬ್ಯಾಡ" ಎಂದು ಸುಜಾತಾ ಮೊದಲೇ ಎಚ್ಚರಿಸಿದ್ದಳು.

"ನಾ ಏನ ಸಣ್ಣ ಕೂಸ ಇದ್ದೀನೇನ?"

"ಸಣ್ಣ ಕೂಸಾದ್ರ ಎತಗೋತಿದ್ನಿ."

ಬಾಕುವಿನ ನಡುವೆ ಕೋಟೆಯೊಳಗಿನ ಹಳೆಯ ಊರೊಂದಿದೆ. ಕೋಟೆ ಎಂದರೇನು, ದೊಡ್ಡವರ ಕಂಪೌಂಡು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗೂ ಇದೆ; ಅದರ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. ಹಿಂದಿ ಕಲಿತ ಅಲ್ಲಿಯ ಹುಡುಗಿಯೊಬ್ಬಳು ಪ್ರತಿ ಕಲ್ಲಿಗೂ ಒಬ್ಬ ರಾಜನನ್ನು ತಂದು ನಿಲ್ಲಿಸುತ್ತಿದ್ದಳು. ನಮ್ಮ ತಂಡದವರು ಭಕ್ತಿಯಿಂದ ತಲೆಯಾಡಿಸುತ್ತಾ, ಹಾಲು ಹಾಕಿದ ಚಹಾ ಎಲ್ಲಿ ಸಿಗುತ್ತದೆಂದು ಹುಡುಕುತ್ತಿದ್ದರು. ಇತಿಹಾಸದ ಭಾರಕ್ಕಿಂತ ಮೊಣಕಾಲಿನ ಭಾರ ಹೆಚ್ಚಾಗಿ ನಾನು ಹಿಂದೆ ಬಿದ್ದೆ.

ಹಾಗೆ ಬಿದ್ದಲ್ಲಿ, ಒಂದು ಓಣಿಯ ಮನೆಯ ಬಾಗಿಲ ಮೇಲೆ ಆ ಬಳ್ಳಿ ಹಬ್ಬಿತ್ತು. ಅಯ್ಯೋ, ಎಂಥ ಅನಾಥ ಬಳ್ಳಿ! ಎಲೆಗಳು ಒಂದರ ಮೇಲೊಂದು ಬಿದ್ದು, ಸಣ್ಣ ಗೊನೆಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ನಮ್ಮಲ್ಲಿ ಹೀಗೆ ಬಿಟ್ಟರೆ ಬೂದಿ ರೋಗ ಬಂದು ಕೂಡುತ್ತದೆ. ಗೊನೆಯ ಸುತ್ತಲಿನ ಎಲೆ ತೆಗೆಯುವುದು ನಮ್ಮ ಹೆಂಗಸರ ಕೆಲಸ, ತೆಗೆದ ಎಲೆ ಆಡಿನ ಪಾಲು. ಕೈ ಕಟ್ಟಿಕೊಂಡೇ ನಿಂತಿದ್ದೆ, ಸತ್ಯವಾಗಿ. ಯಾವಾಗ ಬಿಚ್ಚಿದವೋ ತಿಳಿಯದು. ತಿಳಿದಾಗ ಕಾಲಡಿಯಲ್ಲಿ ಹಸಿರು ರಾಶಿ ಬಿದ್ದಿತ್ತು, ಅದೇ ಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನನ್ನ ವಯಸ್ಸಿನ ಒಬ್ಬ ಮುದುಕಿ ನಿಂತಿದ್ದಳು.

ಅವಳು ಬೈದಳು. ಆಹಾ, ಭಾಷೆ ಬಾರದಿದ್ದರೂ ಅದರ ಓಘಕ್ಕೆ ನಾನು ಮನಸೋತೆ! ಗದ್ದಲ ಕೇಳಿ ಎಲ್ಲರೂ ಹಿಂದಿರುಗಿದರು. ಹುಡುಗಿ ಅದನ್ನು ಹಿಂದಿಗೆ ಇಳಿಸಿದಳು. ನಮ್ಮ ತಂಡದ ಕುಡಚಿಯ ಗೊಬ್ಬರದ ವ್ಯಾಪಾರಿ ದಸ್ತಗೀರ ಅದನ್ನು ಕನ್ನಡಕ್ಕೆ ಇಳಿಸಿದ.

"ಅಮ್ಮಾರ, ಮುದುಕಿ ಸಿಟ್ಟಿಗೆದ್ದಾಳ್ರಿ."

"ಅಷ್ಟೊತ್ತ ಬೈದದ್ದ ಇಷ್ಟನ?"

"ಉಳದದ್ದ ನಿಮಗ ಹೇಳೂವಂಥಾದ್ದಲ್ಲ ಬಿಡ್ರಿ."

ಸಂಗತಿ ಇಷ್ಟು: ಆ ಊರಿನಲ್ಲಿ ದ್ರಾಕ್ಷಿಯ ಎಲೆಯೇ ಅಡಿಗೆ. ಎಳೆಯ ಎಲೆಯಲ್ಲಿ ಹೂರಣವಿಟ್ಟು ಸುತ್ತಿ ಬೇಯಿಸುತ್ತಾರೆ. ವರ್ಷಕ್ಕಾಗುವಷ್ಟನ್ನು ಉಪ್ಪುನೀರಿನ ಬರಣಿಯಲ್ಲಿ ತುಂಬಿಡುತ್ತಾರೆ. ಹಣ್ಣು ಅವಳಿಗೆ ಲೆಕ್ಕಕ್ಕಿಲ್ಲ. ಆಡಿನ ಪಾಲೆಂದು ನಾನು ನೆಲಕ್ಕೆ ಚೆಲ್ಲಿದ್ದು ಅವಳ ವರ್ಷದ ಪದಾರ್ಥ.

ಸಾಹೇಬರ ಮುಖ ಕೋಟೆಯ ಗೋಡೆಯಂತಾಯಿತು. ಸುಜಾತಾಳ ಮುಖವನ್ನು ನಾನು ನೋಡಲಿಲ್ಲ, ಧೈರ್ಯವಾಗಲಿಲ್ಲ. ಐದು ತಾಲ್ಲೂಕುಗಳು ನನ್ನ ಕಾಲಡಿಯ ರಾಶಿಯಲ್ಲೇ ಬಿದ್ದಿದ್ದವು. "ನಡೀರಿ, ನಡೀರಿ, ಬುರುಜ ನೋಡೂದೈತಿ" ಎಂದು ಸಾಹೇಬರು ಎಲ್ಲರನ್ನೂ ಮುಂದಕ್ಕೆ ಹೊರಡಿಸಿದರು. ಅಲ್ಲಿ ಮೇಲೆ ನಿಂತು ಅವರೊಡನೆ ವ್ಯವಹಾರದ ಮಾತಾಡಬೇಕೆಂದು ಬಂದ ನನ್ನ ಮೊಮ್ಮಗಳು ಮಾತ್ರ ಹೋಗಲಿಲ್ಲ. ಸೆರಗಿಲ್ಲದ ಆ ಪ್ಯಾಂಟಿನಲ್ಲೇ ನೆಲಕ್ಕೆ ಕುಳಿತು ಎಲೆ ಆರಿಸತೊಡಗಿದಳು. "ಆಯಿ, ಬಲತದ್ದ ಬ್ಯಾರೆ ಹಾಕ, ಎಳೀದ ಬ್ಯಾರೆ ಹಾಕ." ನಾನೂ ಕುಳಿತೆ. ಹುಡುಗಿಯೂ ದಸ್ತಗೀರನೂ ಬುರುಜಿಗೆ ಹೋಗಿದ್ದರಿಂದ ನಡುವೆ ಭಾಷೆ ಉಳಿಯಲಿಲ್ಲ. ಮುದುಕಿ ನನ್ನ ಕೈಗೆ ಆಗಾಗ ಒಂದೇಟು ಕೊಟ್ಟು ಕಲಿಸಿದಳು. ಶಾಲೆಯಲ್ಲೂ ನಾನು ಕಲಿತದ್ದು ಇದೇ ಪದ್ಧತಿಯಲ್ಲಿ.

ಬರಣಿ ತುಂಬಿದ ಮೇಲೆ ಮುದುಕಿ ಬೆಂದ ಎಲೆಸುತ್ತಿನ ತಟ್ಟೆ ತಂದಳು. ಒಳಗೆ ಮಾಂಸ! ಜೈನರ ಮನೆಯವಳು ನಾನು. ಮತ್ತೆ ಅವಮಾನ ಮಾಡಿದಂತಾಗುವುದಲ್ಲ ಎಂದು ಕಂಗೆಡುವಷ್ಟರಲ್ಲಿ ಬುರುಜು ಮುಗಿಸಿ ಬಂದ ದಸ್ತಗೀರ, "ನಿಮ್ಮ ಪಾಲಿಂದೂ ನಂದ ಇರ್ಲಿ ಬಿಡ್ರಿ" ಎಂದು ನಮ್ಮ ಪಾಲನ್ನು ನಿರ್ಮಲಗೊಳಿಸಿದ. ಅವನ ಹಿಂದೆಯೇ ಬಂದ ಸಾಹೇಬರೂ ಒಂದು ತಿಂದರು. ಆಮೇಲೆ ಇನ್ನೊಂದು.

ಅಂದು ಸಂಜೆ ಊಟಕ್ಕೆ ಮೊದಲು ಸಾಹೇಬರು ಎದ್ದು ನಿಂತರು. "ಸುಜಾತಾ, ಬೆಳಿ ಕೆಟ್ಟಲ್ಲೆ ಕುಂತ ಸರಿ ಮಾಡೂ ಮಂದಿ ಬೇಕ ನಮಗ. ಐದೂ ತಾಲೂಕ ನಿಮಗ. ಆದ್ರ ಒಂದ ಕರಾರ. ಮುಂದಿನ ಸಲ ನಿಮ್ಮ ಆಯೀನ್ನ ಮನ್ಯಾಗ ಬಿಟ್ಟ ಬರಬೇಕ."

"ಹಂಗಾರ ನಾಕ ತಾಲೂಕ ಸಾಕ್ರಿ ಸರ" ಎಂದಳು ಅವಳು, ಒಂದು ಉಸಿರಿನಷ್ಟೂ ತಡೆಯದೆ.

ಮೊದಲು ನಕ್ಕವನು ದಸ್ತಗೀರ, ಆಮೇಲೆ ಸಾಹೇಬರು. ಐದೂ ಸಿಕ್ಕವು, ಕರಾರೂ ಬಿದ್ದುಹೋಯಿತು. ನಾನು ಅತ್ತೆನೆಂದು ಅವಳು ಹೇಳುತ್ತಾಳೆ. ಸುಳ್ಳು, ಅಲ್ಲಿಯ ಗಾಳಿ ಹಾಗೆ.

ಊರಿಗೆ ಬಂದ ಮೇಲೆ ಒಂದು ದಿನ ಅವಳ ಅಂಗಡಿಗೆ ಹೋಗಿ ತಡೆಯಲಾರದೆ ಕೇಳಿದೆ: "ಖರೇ ಹೇಳ, ನನ್ನ ಸಲುವಾಗಿ ಯಾವ ತಾಲೂಕ ಬಿಡಾಕ ನಿಂತಿದ್ದಿ?"

"ನಿಪ್ಪಾಣಿ."

ಎದೆಯುಬ್ಬಿತು. ಅಷ್ಟು ದೊಡ್ಡ ಪೇಟೆ! ಸಂತೋಷದಿಂದ ಮನೆಯ ಕಡೆ ನಾಲ್ಕು ಹೆಜ್ಜೆ ಹೋದವಳು ಗಕ್ಕನೆ ನಿಂತೆ. ನಿಪ್ಪಾಣಿಯಲ್ಲಿ ಬೆಳೆಯುವುದು ತಂಬಾಕು. ದ್ರಾಕ್ಷಿಯ ಔಷಧ ಅಲ್ಲಿ ಒಂದು ಡಬ್ಬಿಯೂ ಹೋಗುವುದಿಲ್ಲ. ತಿರುಗಿ ನೋಡಿದರೆ ಅಂಗಡಿಯ ಕಟ್ಟೆಯ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಈ ಹುಡುಗಿಯ ಅಂಗಡಿ ಎಂದೂ ಮುಳುಗುವುದಿಲ್ಲವೆಂದು ಆ ಕ್ಷಣ ಖಾತ್ರಿಯಾಗಿ, ನಾನು ಮೊದಲಿಗಿಂತ ಇಮ್ಮಡಿ ಹಿಗ್ಗಿದೆ.