ಎಲೆಯಿಂದ ಎದ್ದವನು

ಪಶ್ಚಿಮ ಬರ್ಲಿನ್ನಿನಲ್ಲಿ ನಾನು ಕಂಡ ಮೊದಲ ಹಿಮದ ದಿನ, ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬಳು ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಪಾದಕ್ಕೆ ದಿನಪತ್ರಿಕೆ ಸುತ್ತಿ ದಾರ ಬಿಗಿದಿದ್ದಳು. ಹಣೆಯಲ್ಲಿ ಬೊಟ್ಟು. ನಮ್ಮ ಬೆಳ್ಮಣ್ ಬಸ್ಸಿನಲ್ಲಾಗಿದ್ದರೆ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ, ಅಂಥ ಪರಿಚಯದ ಮುಖ. ಮಣಿಪಾಲದಲ್ಲಿ ಓದಿ, ಇನ್ನಷ್ಟು ಓದಲು ಅಲ್ಲಿಗೆ ಹೋದ ನನಗೆ ಯುರೋಪಿನಲ್ಲೂ ಬಡವರಿದ್ದಾರೆಂದು ಯಾರೂ ಹೇಳಿರಲಿಲ್ಲ.

ಅವಳು ಯೋಗಮಲರ್. ಜಾಫ್ನಾದ ಗಲಭೆಯಲ್ಲಿ ಮನೆ ಸುಟ್ಟುಹೋದ ಮೇಲೆ ಓಡಿಬಂದವಳು. ನಿರಾಶ್ರಿತರನ್ನು ಇಡುವ ಕಟ್ಟಡಕ್ಕೆ ಅಲ್ಲಿ ‘ಹೈಮ್’ ಎನ್ನುತ್ತಾರೆ. ಅಲ್ಲಿ ಒಲೆ ಹಚ್ಚುವಂತಿಲ್ಲ. ಪೊಟ್ಟಣದಲ್ಲಿ ಕೊಟ್ಟ ತಣ್ಣನೆಯ ಬ್ರೆಡ್ಡು ತಿನ್ನಬೇಕು. ಹೊರಗೆ ದುಡಿಯಲೂ ಅಪ್ಪಣೆ ಇಲ್ಲ. ನಮ್ಮ ಬನ್ನಂಜೆಯಲ್ಲಿ ಎಂಥ ಬಡವರ ಮನೆಯಲ್ಲೂ ಗಂಜಿ ಬಿಸಿಯಾಗಿಯೇ ಇರುತ್ತಿತ್ತು.

ಆ ಕಷ್ಟದ ವಾಸನೆ ಮೊದಲು ಹಿಡಿದವರು ನಮ್ಮವರೇ. ಕಾಪುವಿನ ಸದಾನಂದಣ್ಣ ಅಲ್ಲೊಂದು ಹೋಟೆಲು ಇಟ್ಟಿದ್ದರು. ಸಂಜೆ ನಾನು ತಟ್ಟೆ ತೊಳೆಯುತ್ತಿದ್ದೆ, ಯೋಗಮಲರ್ ಗುಟ್ಟಾಗಿ ಅಡುಗೆ ಮಾಡುತ್ತಿದ್ದಳು. ಅವಳಿಗೆ ಸಿಗುತ್ತಿದ್ದದ್ದು ಒಂದು ಹೊತ್ತಿನ ಬಿಸಿ ಅನ್ನ, ಅಷ್ಟೇ.

“ನಾನಿಲ್ಲದಿದ್ರೆ ಇವಳಿಗೆ ಯಾರುಂಟು ಮಾರಾಯ?” ಎಂದು ಸದಾನಂದಣ್ಣ ಬೀಗುತ್ತಿದ್ದರು. ಗಿರಾಕಿಗಳು ಸಾರು ಹೊಗಳಿದರೆ ಅದು ಅವರ ತಾಯಿಯ ಕೈರುಚಿ ಆಗಿಬಿಡುತ್ತಿತ್ತು.

ಒಂದು ದಿನ ತಪಾಸಣೆಗೆ ಪೊಲೀಸರು ಬಂದರು. ಇವಳು ಯಾರೋ ಗೊತ್ತಿಲ್ಲ, ಹಿಂಬಾಗಿಲಿನಿಂದ ಕದಿಯಲು ನುಗ್ಗಿದವಳು ಎಂದು ಸದಾನಂದಣ್ಣ ಕಣ್ಣು ಮಿಟುಕಿಸದೆ ಹೇಳಿದರು. ಅವಳು ಅನ್ನ ಬಸಿಯುತ್ತಿದ್ದಳು! ನಾನು ಕೂಗಾಡಿದೆ. ಆದರೆ ನನ್ನ ಜರ್ಮನ್ ಹಾಲು ಕೊಳ್ಳಲು ಮಾತ್ರ ಸಾಕಾಗುತ್ತಿತ್ತು. ಒಬ್ಬ ಪೊಲೀಸಿನವ ಮಗುವನ್ನು ಸರಿಸುವಂತೆ ನನ್ನನ್ನು ಬದಿಗೆ ಸರಿಸಿದ. ಆಮೇಲೆ ಹೈಮಿಗೆ ಹೋಗಿ ವಿಚಾರಿಸಿದರೆ, ಕಳ್ಳತನದ ಆರೋಪವಿದ್ದುದರಿಂದ ಅವಳನ್ನು ದೇಶದಿಂದಲೇ ಹೊರಗೆ ಕಳಿಸಿದರೆಂದು ಹೇಳಿದರು.

ನಾನು ಸಿಟ್ಟಿನಿಂದ ಜರ್ಮನ್ ಕಲಿತೆ. ಬಹಳ ಬೇಗ ಬಂತು. ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಎಂದು ಹೊಗಳಿ ಕಳಿಸಿಕೊಟ್ಟರು. ಅಲ್ಲಿ ನ್ಯಾಯ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಾಯುತ್ತಾ ಕೂತೆ.

ರಜೆಗೆ ಊರಿಗೆ ಬಂದಾಗ ಕಾಪುವಿನಲ್ಲಿ ಸದಾನಂದಣ್ಣನ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಅದೇ ಬೀದಿಯಲ್ಲಿರುವ ನನ್ನ ಅಕ್ಕನ ಜೊತೆ ನಾನೂ ಹೋದೆ. ಬರ್ಲಿನ್ನಿನಲ್ಲಿ ತಟ್ಟೆ ಮುಟ್ಟದೆ ಎದ್ದು ಹೋದರೂ ಬಿಲ್ಲು ಕೊಟ್ಟರಾಯಿತು, ಯಾರೂ ತಲೆ ಎತ್ತುವುದಿಲ್ಲ. ನಮ್ಮಲ್ಲಿ ಪಂಕ್ತಿಯಲ್ಲಿ ಬಡಿಸಿದ ಎಲೆ ಬಿಟ್ಟು ಒಬ್ಬ ಎದ್ದರೆ ಇಡೀ ಸಾಲಿನ ಕೈ ನಿಲ್ಲುತ್ತದೆ. ಯಜಮಾನ ಓಡಿಬಂದು ಎಲ್ಲರೆದುರು ಕಾರಣ ಕೇಳಲೇಬೇಕು. ನಾನು ನೆಚ್ಚಿಕೊಂಡು ಹೋದದ್ದು ಅದನ್ನೇ.

ಅನ್ನದ ಮೇಲೆ ತೊವ್ವೆ ಬಿತ್ತು. ನಾನು ಎದ್ದೆ.

ಸದಾನಂದಣ್ಣ ಶಲ್ಯ ಸರಿಮಾಡಿಕೊಳ್ಳುತ್ತ ಬಂದರು. “ಎಂತ ಮಾರಾಯ, ಎಂತ ಕಮ್ಮಿ ಆಯ್ತು?”

“ಬರ್ಲಿನ್ನಲ್ಲಿ ನಿಮಗೆ ಅಡುಗೆ ಮಾಡಿ ಹಾಕಿದ ಯೋಗಮಲರ್ ಕದಿಯಲಿಕ್ಕೆ ಬಂದವಳು ಅಂತ ಪೊಲೀಸರಿಗೆ ಹಿಡಿದುಕೊಟ್ಟದ್ದು ನೀವೇ ಅಲ್ವಾ? ಅವಳು ಕದ್ದದ್ದು ಎಂತ? ಇಷ್ಟು ಜನ ಇದ್ದಾರೆ, ಹೇಳಿ.”

“ಅಲ್ಲಿಯ ಕಾನೂನು ಬೇರೆ ಉಂಟು...” ಎಂದು ನಗಲು ನೋಡಿದರು.

ಸಾಲಿನ ತುದಿಯಲ್ಲಿ ಕೂತಿದ್ದ ಅವರ ಸೋದರಮಾವ ತಲೆ ಎತ್ತಿದರು. “ಸದಾನಂದಾ, ಆ ಹೆಂಗಸು ಕದ್ದದ್ದು ಎಂತ?”

ಸದಾನಂದಣ್ಣ ಬಡಿಸುವವರ ಕಡೆ ತಿರುಗಿ ಸಾರು ತರಲು ಹೇಳಿದರು. ಮಾವ ಬಡಿಸಿದ ಎಲೆಯನ್ನು ಹಾಗೆಯೇ ಮಡಚಿದರು. ಪಕ್ಕದವರೂ ಮಡಚಿದರು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಇನ್ನೊಂದು ಸಾಲು ಎದ್ದಿದ್ದರೆ ಇನ್ನೂ ತಣ್ಣಗಾಗುತ್ತಿತ್ತು.

ಗೇಟಿನ ಹೊರಗೆ ಅಕ್ಕ ಹೇಳಿದಳು: “ನೀನು ವಿಮಾನ ಹತ್ತಿ ಹೋಗ್ತಿ. ನಾನು ದಿನಾ ಈ ಗೇಟಿನ ಎದುರೇ ಹೋಗ್ಬೇಕಲ್ಲ. ನೀನು ಹೇಳಿದ್ದು ತಪ್ಪು ಅಂತ ಅಲ್ಲ. ನನಗೆ ಮೊದಲೇ ಒಂದು ಮಾತು ಹೇಳಿದ್ರೆ ನಾನೂ ಏಳ್ತಿದ್ದೆ.”

ಈಗ ಬರ್ಲಿನ್ನಿನಲ್ಲಿ ನಮ್ಮೂರಿನವರು ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ. ಮತ್ತೆ ಎಲೆ ಬಿಟ್ಟು ಎದ್ದಾನೆಂದು ಕಾಪುವಿನಲ್ಲಿ ನನ್ನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ; ಅಕ್ಕನನ್ನೂ ಕರೆಯುವುದು ಕಡಿಮೆ ಮಾಡಿದ್ದಾರಂತೆ. ಅಲ್ಲಿಯೂ ಇಲ್ಲಿಯೂ ನಾನು ಅರ್ಧ ಹೊರಗಿನವನೇ. ಆದರೂ ಪಶ್ಚಾತ್ತಾಪವಿಲ್ಲ. ಸದಾನಂದಣ್ಣನ ಮುಖ ಅಂದು ಹೇಗಾಗಿತ್ತೆಂದು ಯೋಗಮಲರ್‌ಗೆ ಒಮ್ಮೆ ಹೇಳಬೇಕು. ಅವಳು ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ತಿಳಿಸುವವರು ಮಾತ್ರ ಎರಡು ದೇಶಗಳಲ್ಲೂ ನನಗೆ ಇನ್ನೂ ಸಿಕ್ಕಿಲ್ಲ.