ಪಂಚಶೀಲಾ ಟೀಚರು ಹೊಡೆದು ಹಾಕಿದ ಅಧ್ಯಕ್ಷರು

ಆಳಂದದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಪಂಚಶೀಲಾ ಟೀಚರಿಗೆ ಕೆಂಪು ಪೆನ್ನು ಕಂಡರೆ ಈಗಲೂ ಕೈ ತುರಿಸುತ್ತದೆ. ಭೂಸನೂರಿನ ಕಬ್ಬಿನ ಕೂಲಿಯವರ ಮಗಳು. ದಿನಾ ಕಾಲೇಜಿನ ಪಾಠ ಮುಗಿದ ಮೇಲೆ ಸಂಜೆಯ ಬಸ್ಸು ಬರುವ ತನಕ ಸ್ಟ್ಯಾಂಡಿನ ಗದ್ದಲದಲ್ಲೇ ಪದವಿ ಓದಿ ಮುಗಿಸಿದವರು. ಈಗಿನ ಹಳ್ಳಿ ಹುಡುಗಿಯರಿಗಾದರೂ ಬಸ್ ಸ್ಟ್ಯಾಂಡಿನ ಹತ್ತಿರ ಓದಲು ಒಂದು ಕೋಣೆ ಆಗಲಿ ಎಂದು ನಿವೃತ್ತಿಯಾದ ಕೂಡಲೇ ಟ್ರಸ್ಟ್ ಕಟ್ಟಲು ಹೊರಟರು.

ಊರ ರೂಢಿಯಂತೆ ಮೊದಲು ತಯಾರಾದದ್ದು ಪದಾಧಿಕಾರಿಗಳ ಪಟ್ಟಿ. ತೊಗರಿ ವ್ಯಾಪಾರದ ಅಡತಿ ಅಂಗಡಿಯ ಜಗದೇವ ಅಧ್ಯಕ್ಷ, ಎದುರಂಗಡಿಯ ದೇವೀಂದ್ರಪ್ಪ ಕಾರ್ಯಾಧ್ಯಕ್ಷ. ಅವರ ಹಿಂದೆ ಒಬ್ಬ ಗೌರವಾಧ್ಯಕ್ಷ, ಆರು ಮಂದಿ ಉಪಾಧ್ಯಕ್ಷರು. ಮಾರುಕಟ್ಟೆಯಲ್ಲಿ ಕಿಸೆ ಭಾರವಿದ್ದವರೆಲ್ಲ ಅದರೊಳಗೆ ಬಂದಿದ್ದರು. ನೋಂದಣಿಗೆ ಹೊರಟ ದಿನ ಪಟ್ಟಿ ಮತ್ತೊಮ್ಮೆ ಓದಿದ ಟೀಚರಿಗೆ ಲೆಕ್ಕದ ತಪ್ಪು ಕಂಡಿತು. ಅಧ್ಯಕ್ಷನಾದವನು ಹಾರ ಹಾಕಿಸಿಕೊಳ್ಳುತ್ತಾನೆ, ಭಾಷಣ ಮಾಡುತ್ತಾನೆ, ದೇಣಿಗೆ ಮಾತ್ರ ಬೇರೆಯವರಿಂದ ಕೇಳುತ್ತಾನೆ. ಇವರಷ್ಟೂ ಮಂದಿ ಒಳಗೆ ಕೂತರೆ, ಹೊರಗೆ ಕೇಳಲು ಉಳಿಯುವವನು ಚಹಾದಂಗಡಿಯ ಮೆಹಬೂಬ ಒಬ್ಬನೇ.

ಹೆಸರು ತೆಗೆಯಲೇಬೇಕು. ಆದರೆ ಜಗದೇವ ಮುನಿಸಿಕೊಂಡರೆ ಇಡೀ ಮಾರುಕಟ್ಟೆ ಮುಖ ತಿರುಗಿಸುತ್ತದೆ, ಕೋಣೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಟೀಚರು ಒಂಬತ್ತೂ ಹೆಸರಿಗೆ ಗೆರೆ ಎಳೆದು, ಪಟ್ಟಿ ಹಿಡಿದು ನೇರ ಅವನ ಅಂಗಡಿಗೇ ಹೋದರು.

“ನಿಮ್ಮ ಹೆಸರು ತಗದೇನ್ರಿ.”

ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ ತೊಗರಿ ಪರೀಕ್ಷೆ ಮಾಡುತ್ತಿದ್ದ ಜಗದೇವನ ಕೈ ಅಲ್ಲೇ ನಿಂತಿತು. “ಯಾಕ್ರಿ ಟೀಚರ? ಹಾರಕ್ಕ ನನ್ನ ಕುತ್ತಿಗಿ ಸಾಲಲಿಲ್ಲೇನ್ರಿ?”

“ಕೊಡಾವ್ರೆಲ್ಲ ಕಮಿಟ್ಯಾಗ ಕುಂತ್ರ ನಾ ಯಾರ ಮುಂದ ಕೈ ಚಾಚ್ಲಿ? ನನ್ನ ಹಿಡದು ಓಡಾಡೋರು ಐದು ಮಂದಿ ಅದೇವಿ, ಸಾಕು. ನಿಮ್ಮನ್ನ ಕೇಳಾಕ ಅಂತ ಹೊರಗ ಇಟ್ಟೇನಿ.”

ಜಗದೇವ ಅಂಗೈಯ ತೊಗರಿಯನ್ನೊಮ್ಮೆ, ಟೀಚರನ್ನೊಮ್ಮೆ ನೋಡಿದ. ಮಾಲು ಗಟ್ಟಿ ಅನಿಸಿರಬೇಕು; ನಗುತ್ತ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ. “ಹಂಗಾದ್ರ ಮೊದಲನೇ ಪಾವತಿ ಚೀಟಿ ನನ್ನ ಹೆಸರಿಗೇ ಹರೀರಿ.”

“ಈಗ ಬ್ಯಾಡ್ರಿ. ನೋಂದಣಿ ಆಗಿಲ್ಲ, ಬ್ಯಾಂಕ್ ಖಾತೆ ಇಲ್ಲ, ಪಾವತಿ ಬುಕ್ ಛಾಪಿಸೇ ಇಲ್ಲ. ಎಲ್ಲಾ ಮುಗಿಸಿ ಬರೋ ತಿಂಗಳ ಬರ್ತೇನಿ.”

ಚಾಚಿದ ರೊಕ್ಕವನ್ನು ಬೇಡವೆಂದ ಸಂಸ್ಥೆಯನ್ನು ಆ ಅಂಗಡಿ ಅದುವರೆಗೆ ಕಂಡಿರಲಿಲ್ಲ. ಟೀಚರು ಮೆಟ್ಟಿಲಿಳಿಯುವಷ್ಟರಲ್ಲಿ ಜಗದೇವ ಎದುರಂಗಡಿಗೆ ಕೂಗಿದ:

“ಏ ದೇವೀಂದ್ರಪ್ಪ! ನಿನ್ನ ಹೆಸರೂ ಹೊಡದಾರ ಲೇ! ಬರೋ ತಿಂಗಳ ಕೇಳಾಕ ಬರ್ತಾರ. ನನಗಿಂತ ಕಡಿಮಿ ಬರಸಿದ್ರ ನೋಡು ಮತ್ತ!”

ಆ ಕೂಗು ಮಾರುಕಟ್ಟೆಯಿಡೀ ಕೇಳಿತ್ತು; ಉಳಿದ ಏಳು ಜನರಿಗೆ ತಿಳಿಸುವ ಕೆಲಸ ಟೀಚರಿಗೆ ಬೀಳಲಿಲ್ಲ. ಅವರು ಐದು ಹೆಸರಿನ ಹೊಸ ಪಟ್ಟಿ ಬರೆದು, ನೋಂದಣಿ ಕಚೇರಿಯ ದಾರಿ ಹಿಡಿದರು.