ಬೀಳುವುದನ್ನು ಕಲಿತ ಮಾಸ್ಟರ್

ಮಾಸ್ಟರ್ ಅವರ ಕೈಗೆಣ್ಣುಗಳು ಒಣಖರ್ಜೂರದ ಹಾಗೆ ಕಪ್ಪಾಗಿ, ಗಟ್ಟಿಯಾಗಿ ಉಬ್ಬಿಕೊಂಡಿದ್ದವು. ಹಗಲೆಲ್ಲ ಶಿವಾಜಿನಗರದ ತಮ್ಮ ಅಂಗಡಿಯಲ್ಲಿ ಆ ಕೈಗಳಿಂದಲೇ ಪರದೆ ಬಟ್ಟೆ ಅಳೆದು ಕತ್ತರಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹಲಸೂರಿನ ಶಾಲೆಯೊಂದರ ಹಾಲ್‌ನಲ್ಲಿ ನಮಗೆ ಕರಾಟೆ ಹೇಳಿಕೊಡುತ್ತಿದ್ದರು. ಜೋಗುಪಾಳ್ಯದಿಂದ ನಡೆದುಕೊಂಡು ಬಂದು ನಾನು ಅಲ್ಲಿ ಸೇರಿದಾಗ ನನಗೆ ಹನ್ನೊಂದು ವರ್ಷ. ಇಪ್ಪತ್ತನಾಲ್ಕಾಗುವ ಹೊತ್ತಿಗೆ ಬ್ಲ್ಯಾಕ್ ಬೆಲ್ಟ್ ಕಟ್ಟಿ ಅವರ ಸಹಾಯಕಿಯಾಗಿದ್ದೆ. ತಪ್ಪು ಮಾಡಿದ ಮಕ್ಕಳನ್ನು ಗದರಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಅವರು ಮಾತ್ರ ಗದರಿಸಿದ್ದಿಲ್ಲ. "ಅಚ್ಛಾ, ಮತ್ತೆ ಮಾಡು ಬೇಟಾ," ಅನ್ನುತ್ತಿದ್ದರು, ಅಷ್ಟೇ.

ಅವರಿಗೆ ಅರವತ್ತೊಂದು ತುಂಬಿದ ವರ್ಷ ಅದೇ ಹಾಲ್‌ನಲ್ಲಿ ಸಂಜೆ ಜೂಡೋ ತರಗತಿ ಶುರುವಾಯಿತು. ಕೋಚ್ ಆಗಿ ಬಂದವಳು ಸಿ.ವಿ. ರಾಮನ್ ನಗರದ ಹುಡುಗಿ, ನನಗಿಂತ ಒಂದು ವರ್ಷ ಚಿಕ್ಕವಳು. ಒಂದು ಬೆಳಿಗ್ಗೆ ಪರಿಚಯ ಮಾಡಿಕೊಳ್ಳಲು ಬಂದವಳಿಗೆ ಮಾಸ್ಟರ್, "ಏನಾದ್ರೂ ತೋರ್ಸಿ ಮೇಡಂ," ಎಂದರು. ಅವಳು ಸಂಕೋಚದಿಂದಲೇ ಅವರ ಕಾಲರ್ ಹಿಡಿದು ತಿರುಗಿದಳು. ಮರುಕ್ಷಣ ಮಾಸ್ಟರ್ ಮ್ಯಾಟಿನ ಮೇಲೆ ಅಂಗಾತ ಬಿದ್ದಿದ್ದರು. ಮಕ್ಕಳೆಲ್ಲ ಕತ್ತು ಚಾಚಿ ನೋಡಿದರು. ಅವಮಾನದಿಂದ ನನ್ನ ಮುಖ ಬಿಸಿಯಾಯಿತು.

ಅವರು ಮಲಗಿದಲ್ಲೇ ನಕ್ಕರು. "ಅರೆ ವಾಹ್! ಇದ್ ಹೆಂಗ್ ಮಾಡಿದ್ರಿ? ಇನ್ನೊಂದ್ ಸಲ ಬಿಸಾಕಿ, ಸರಿಯಾಗ್ ನೋಡ್ಕೋತೀನಿ."

ಮರುದಿನ ಸಂಜೆ ಹೋಗಿ ನೋಡಿದರೆ, ಬಿಳಿ ಬೆಲ್ಟ್ ಕಟ್ಟಿಕೊಂಡು ಆರನೇ ಕ್ಲಾಸಿನ ಮಕ್ಕಳ ಹಿಂದೆ ಸಾಲಿನಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾಸ್ಟರ್, ಎಲ್ರೂ ನಿಮ್ಮನ್ನೇ ನೋಡ್ತಿದಾರೆ."

"ನೋಡ್ಲಿ ಬಿಡು. ಮೂವತ್ತು ವರ್ಷ ನಾನ್ ಹೇಳ್ದೆ, ನೀವೆಲ್ಲ ಕೇಳಿದ್ರಿ. ಕೇಳೋ ಮಜಾನೇ ಮರ್ತೋಗಿತ್ತು ಬೇಟಾ."

ಮೊದಲ ಮೂರು ತಿಂಗಳು ಅವರು ಕಲಿತದ್ದು ಬೀಳುವುದನ್ನು ಮಾತ್ರ. ಕಾಲೂರಿ ನಿಲ್ಲುವುದನ್ನೇ ಜೀವನವಿಡೀ ಅಭ್ಯಾಸ ಮಾಡಿದ ಮೈ ಬೀಳಲು ಒಪ್ಪುತ್ತಿರಲಿಲ್ಲ. "ಮಾಸ್ಟರ್, ಭುಜ ಸಡಿಲ ಬಿಡಿ," ಎಂದು ಕೋಚ್ ಕೂಗುವಳು. "ಇಲ್ಲಿ ಮಾಸ್ಟರ್ ನೀವು ಮೇಡಂ," ಎನ್ನುತ್ತ ಇವರು ಮತ್ತೆ ಉರುಳುವರು. ನೀಲಿಗಟ್ಟಿದ ಮೊಣಕೈಯನ್ನು ಅಂಗಡಿಗೆ ಬಂದ ಗಿರಾಕಿಗಳಿಗೂ ಹೆಮ್ಮೆಯಿಂದ ತೋರಿಸುತ್ತಿದ್ದರು.

ಮೂರನೇ ವರ್ಷ ಇಂದಿರಾನಗರದಲ್ಲಿ ಹಿರಿಯರ ಜೂಡೋ ಪಂದ್ಯಾವಳಿ ನಡೆಯಿತು. ಫೈನಲ್‌ನಲ್ಲಿ ಮಾಸ್ಟರ್ ಅವರ ಎದುರಾಳಿ ನಿವೃತ್ತ ಸೈನಿಕರೊಬ್ಬರು, ಇಪ್ಪತ್ತು ವರ್ಷ ಜೂಡೋ ಆಡಿದವರು. ಮೊದಲ ನಿಮಿಷದಲ್ಲೇ ಅವರು ಮಾಸ್ಟರನ್ನು ಕೆಡವಿ ಅರ್ಧ ಅಂಕ ಗಳಿಸಿದರು. ಪಕ್ಕೆ ಬಡಿದ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ಮಾಸ್ಟರ್ ಹಗುರವಾಗಿ ಉರುಳಿ ಎದ್ದು ನಿಂತರು. ಸೈನಿಕರು ಮತ್ತೆ ನುಗ್ಗಿದರು. ಈ ಸಲ ಮಾಸ್ಟರ್ ಅಡ್ಡ ನಿಲ್ಲಲಿಲ್ಲ; ಭುಜ ಸಡಿಲ ಬಿಟ್ಟು, ಆ ರಭಸವನ್ನೇ ಬಳಸಿಕೊಂಡು ತಿರುಗಿದರು. ಸೈನಿಕರು ಗಾಳಿಯಲ್ಲಿ ಸುತ್ತಿ ಬೆನ್ನ ಮೇಲೆ ಬಿದ್ದರು. ಪೂರ್ತಿ ಅಂಕ! ಆಟ ಮುಗಿಯಿತು!

ನಮ್ಮ ಮಕ್ಕಳ ಕೂಗಿಗೆ ಹಾಲ್‌ನ ಸೂರೇ ಹಾರಿಹೋಗುವಂತಿತ್ತು. ಕೋಚ್ ಅಳುತ್ತಿದ್ದಳು, ನಾನು ಕುಣಿಯುತ್ತಿದ್ದೆ. ಮಾಸ್ಟರ್ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎದುರಾಳಿಯ ಕೈಹಿಡಿದು ಎಬ್ಬಿಸಿ, "ಸರ್, ಮೊದ್ಲು ನನ್ನ ಬೀಳಿಸಿದ್ರಲ್ಲ, ಆ ಪಟ್ಟು ಸ್ವಲ್ಪ ಹೇಳ್ಕೊಡ್ತೀರಾ?" ಎಂದು ಕೇಳುತ್ತಿದ್ದರು. ಚಿನ್ನದ ಪದಕ ಕೊಡಲು ಹೆಸರು ಕೂಗಿದಾಗಲೂ ಇಬ್ಬರೂ ಮೂಲೆಯಲ್ಲಿ ಕಾಲರ್ ಹಿಡಿದುಕೊಂಡೇ ಇದ್ದರು.

ಹೋದ ವರ್ಷ ಮಾಸ್ಟರ್ ತೀರಿಕೊಂಡರು. ಬೆಳಗಿನ ತರಗತಿ ಈಗ ನನ್ನದು. ಮೊನ್ನೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೈಯೆತ್ತಿ, "ಮಿಸ್, ಒದೆಯುವಾಗ ನೀವು ಊರಿದ ಕಾಲಿನ ಹಿಮ್ಮಡಿ ತಿರುಗ್ತಾನೇ ಇಲ್ಲ," ಎಂದಳು. ನಾಲಿಗೆ ತುದಿಗೆ ಬಂದ ಗದರಿಕೆಯನ್ನು ನುಂಗಿ, "ತೋರ್ಸಮ್ಮ," ಎಂದೆ. ತೋರಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಅವಳ ಹಿಂದೆ ನಿಂತು ಹತ್ತು ಸಲ ಅಭ್ಯಾಸ ಮಾಡಿದೆ. ಹನ್ನೊಂದನೆಯ ಒದೆತಕ್ಕೆ, ಮಗಳನ್ನು ಬಿಡಲು ಬಂದು ನನ್ನೆದುರು ಪ್ಯಾಡ್ ಹಿಡಿದು ನಿಂತಿದ್ದ ಅವಳ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು.